ಹಾಬಿಟನ್ನಿನ ದುಂಡು ಬಾಗಿಲು, ವೈ-ಓ-ಟಾಪುವಿನ ಸೋಪು

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ನಮಗೆ ಸಿಕ್ಕದ್ದು ಎರಡೇ ದಿನ. ಮಾತಾಮಾತಾ ಊರಿನ ಬಳಿಯ ಹಾಬಿಟನ್ ಎಂಬ ಸಿನಿಮಾ ಸೆಟ್, ಅಂದರೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಲ್ಲಿ ಬರುವ ಹಾಬಿಟ್ ಎಂಬ ಕುಳ್ಳ ಜನರ ಊರು, ನೋಡಬೇಕೆಂಬುದು ಮಗಳ ಹಟ. ರೊಟೊರುವಾದ ದಕ್ಷಿಣಕ್ಕಿರುವ ವೈ-ಓ-ಟಾಪುವಿನ ಬಿಸಿನೀರಿನ ಕೊಳಗಳನ್ನು ನೋಡಬೇಕೆಂಬುದು ನನ್ನ ಹಟ. ಕೊನೆಗೆ ಗೆದ್ದದ್ದು ಮಗಳ ಆಯ್ಕೆಯೇ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ವೈ-ಓ-ಟಾಪುವಿನಲ್ಲಿ ನಾನು ಎಡವಿದ್ದು ಸಮಯದ ವಿಷಯದಲ್ಲಿ. ನೆಲದಿಂದ ತಾನಾಗಿ ಉಕ್ಕುವ ನೀರಿಗೆ ಎಂಥ ವೇಳಾಪಟ್ಟಿ ಎಂದುಕೊಂಡು, ನಿಧಾನವಾಗಿ ತಿಂಡಿ ಮುಗಿಸಿ ಹೊರಟು, ಟಿಕೆಟ್ ಕೊಂಡಾಗ ಗಂಟೆ 10:40 ಆಗಿತ್ತು. ಅಲ್ಲಿನ ಲೇಡಿ ನಾಕ್ಸ್ ಬುಗ್ಗೆ ಚಿಮ್ಮುವುದು ದಿನಕ್ಕೊಮ್ಮೆ, ಬೆಳಿಗ್ಗೆ 10:15ಕ್ಕೆ. ತಪ್ಪು ಪೂರ್ತಿ ನನ್ನದೇ. ಮೊದಲೇ ವಿಚಾರಿಸಿದ್ದರೆ ತಿಳಿಯುತ್ತಿತ್ತು.

ಮರುದಿನ ಮತ್ತೆ ಟಿಕೆಟ್ ಕೊಂಡು, ಹತ್ತಕ್ಕೆ ಮೊದಲೇ ಹೋಗಿ ಕುಳಿತೆವು. ಸಿಬ್ಬಂದಿಯೊಬ್ಬರು ಬುಗ್ಗೆಯ ಬಾಯಿಗೆ ಸೋಪಿನಂಥ ಪದಾರ್ಥ ಸುರಿದರು. ಬಿಳಿ ನೊರೆ ಅಂಚಿನಲ್ಲಿ ಇಳಿಯಿತು, ಸ್ವಲ್ಪ ಹೊತ್ತಿಗೆ ನೀರು ಎತ್ತರಕ್ಕೆ ಚಿಮ್ಮಿತು. 1901ರಲ್ಲಿ ಅಲ್ಲಿದ್ದ ಕೈದಿಗಳು ಬಟ್ಟೆ ಒಗೆಯುವಾಗ ಕಂಡುಕೊಂಡ ಉಪಾಯವಂತೆ ಇದು: ಮೇಲಿನ ತಣ್ಣನೆಯ ನೀರೂ ಕೆಳಗಿನ ಕುದಿನೀರೂ ಬೆರೆಯದಂತೆ ತಡೆದಿದ್ದ ಮೇಲ್ಮೈ ಎಳೆತವನ್ನು ಸೋಪು ಕುಗ್ಗಿಸುತ್ತದೆ. ವಿಜ್ಞಾನ ಸರಿಯೇ, ಆದರೆ ನಿಸರ್ಗವನ್ನು ನೋಡಲು ಎರಡು ದಿನ ಓಡಾಡಿದವನಿಗೆ ಏನೋ ಮೋಸವಾದಂತೆ ಅನ್ನಿಸಿತು.

ಆ ಬೇಸರವನ್ನು ಅಲ್ಲಿಯದೇ ಷಾಂಪೇನ್ ಪೂಲ್ ಎಂಬ ಬಿಸಿನೀರಿನ ಕೊಳ ಬಹುಮಟ್ಟಿಗೆ ತೀರಿಸಿತು. ಸುಮಾರು 65 ಮೀಟರ್ ಅಗಲದ ಆ ಕೊಳದ ಕಿತ್ತಳೆ ಅಂಚಿನ ಮುಂದೆ ಯಾರೂ ಅವಸರಪಡಿಸುವುದಿಲ್ಲ. ಗಂಧಕದ ವಾಸನೆ ಮಾತ್ರ ಸಂಜೆಯವರೆಗೂ ಅಂಗಿ ಬಿಡಲಿಲ್ಲ.

ಹಾಬಿಟನ್ನಿನಲ್ಲಿ ಎಲ್ಲವೂ ಕಟ್ಟಿದ್ದೇ, ಅದನ್ನು ಯಾರೂ ಮರೆಮಾಚುವುದೂ ಇಲ್ಲ. 1998ರಲ್ಲಿ ಆ ಚಿತ್ರಗಳ ನಿರ್ದೇಶಕ ಪೀಟರ್ ಜಾಕ್ಸನ್ ಅವರ ತಂಡ ಆಕಾಶದಿಂದ ಸ್ಥಳ ಹುಡುಕುವಾಗ ಕಣ್ಣಿಗೆ ಬಿದ್ದ ಕುರಿ ಸಾಕಣೆಯ ಜಮೀನು ಅದು. ಗುಡ್ಡದ ಮೇಲಿನ ಓಕ್ ಮರ ಕೃತಕ, ಅದರ ಲಕ್ಷಗಟ್ಟಲೆ ಎಲೆಗಳೂ ಕೃತಕ. ಅದರ ಕೆಳಗಿನ ತೋಟದ ತರಕಾರಿ ಮಾತ್ರ ನಿಜವಾದದ್ದು. ದುಂಡು ಬಾಗಿಲುಗಳು ಒಂದೇ ಅಳತೆಯವಲ್ಲ: ಚಿಕ್ಕ ಬಾಗಿಲಿನ ಮುಂದೆ ನಿಂತ ನಟ ದೈತ್ಯನಂತೆಯೂ ದೊಡ್ಡದರ ಮುಂದೆ ನಿಂತವನು ಕುಳ್ಳನಂತೆಯೂ ಕಾಣುತ್ತಾನೆ. ಒಂದು ಬಾಗಿಲಿನ ಮುಂದೆ ನಾನು ತಲೆ ಬಗ್ಗಿಸಿ ನಿಂತರೆ, ಪಕ್ಕದ ಬಾಗಿಲಿನ ಹಿಡಿ ನನ್ನ ಎದೆಯ ಮಟ್ಟಕ್ಕಿತ್ತು. ಮಗಳು ನಕ್ಕು ಸಾಕಾದಳು.

ಸೆಟ್ಟಿನೊಳಗೆ ಮಾರ್ಗದರ್ಶಿಯ ಜೊತೆಗೇ ನಡೆಯಬೇಕು, ಮನಸ್ಸು ಬಂದಲ್ಲಿ ಕೂರುವಂತಿಲ್ಲ. ಟಿಕೆಟ್ ಬೆಲೆಯೂ ವೈ-ಓ-ಟಾಪುವಿಗಿಂತ ಎರಡು ಪಟ್ಟಿಗೂ ಹೆಚ್ಚು. ಕೈ ಬಿಗಿಯಿದ್ದು ಬೇಗ ಏಳುವ ಅಭ್ಯಾಸವಿದ್ದವರು ಕೊಳಗಳನ್ನೇ ಆರಿಸಿಕೊಳ್ಳಲಿ, 10:15ನ್ನು ಮಾತ್ರ ಮರೆಯದಿರಲಿ. ಎಂಟಕ್ಕೆ ಮೊದಲು ಹಾಸಿಗೆ ಬಿಡದ ನಾನು ಮತ್ತೆ ಹೋದರೆ ಹಾಬಿಟನ್ನಿಗೆ ಮಧ್ಯಾಹ್ನದ ಟಿಕೆಟ್ಟನ್ನೇ ಕೊಳ್ಳುತ್ತೇನೆ.