ಓಡೋರಿಗೆ, ಜಿಮ್ಮಿಗೆ ಹೋಗೋರಿಗೆ ಏನ್ ಗಿಫ್ಟ್ ಕೊಡೋದು? ನಾನು ಬಳಸಿ ನೋಡಿದ್ದು ಇಷ್ಟು

ರಜೆ ಹತ್ರ ಬಂದ್ರೆ ಸಾಕು ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ನಮ್ಮನೇಲಿ ಒಬ್ರು ದಿನಾ ಓಡ್ತಾರೆ, ಜಿಮ್ಮಿಗೂ ಹೋಗ್ತಾರೆ, ಅವ್ರಿಗೆ ಏನ್ ಗಿಫ್ಟ್ ಕೊಡ್ಲಿ ಅಂತ. ನಾನು ಬೇರೆಯವ್ರಿಗೆ ಕೊಟ್ಟಿದ್ದು, ನಂಗೆ ಬಂದಿದ್ದು, ಎರಡೂ ವರ್ಷಗಟ್ಲೆ ಬಳಕೆಯಲ್ಲಿ ಹೇಗಿರ್ತವೆ ಅಂತ ನೋಡಿದ್ಮೇಲೆ ಇದನ್ನ ಬರೀತಿದ್ದೀನಿ. ಮೊದ್ಲೇ ಒಂದ್ ಮಾತು ಹೇಳ್ಬಿಡ್ತೀನಿ. ಅವ್ರು ಈಗಾಗ್ಲೇ ಇಷ್ಟಪಟ್ಟು ಏನ್ ಮಾಡ್ತಿದ್ದಾರೋ ಅದಕ್ಕೆ ಕೈಜೋಡಿಸೋ ವಸ್ತು ಕೊಡಿ. ನೀನು ಇದನ್ನ ಶುರುಮಾಡ್ಬೇಕು ಅಂತ ಹೇಳೋ ವಸ್ತು ಕೊಟ್ರೆ ಅದು ಮೂಲೆ ಸೇರುತ್ತೆ.

ನನ್ನ ಪಟ್ಟಿಯಲ್ಲಿ ಫಸ್ಟ್ ಬರೋದು ಸ್ಕಿಪ್ಪಿಂಗ್ ರೋಪ್. ಚಿಕ್ಕದು, ಬ್ಯಾಗಲ್ಲಿ ಒಂದು ಮೂಲೇಲಿ ಕೂತ್ಕೊಳ್ಳುತ್ತೆ, ಊರೂರು ತಿರುಗೋರಿಗಂತೂ ಹೇಳಿ ಮಾಡಿಸಿದ್ದು. ತಗೊಳ್ಳುವಾಗ ಹಿಡಿಯೊಳಗೆ ಬೇರಿಂಗ್ ಇದೆಯಾ ನೋಡಿ, ಬೇರಿಂಗ್ ಇದ್ರೆ ಹಗ್ಗ ತಿರುಚಿಕೊಳ್ದೆ ನುಣ್ಣಗೆ ಸುತ್ತುತ್ತೆ. ಸ್ಟೀಲ್ ವೈರ್ ಇರೋದು ತುಂಬಾ ಸ್ಪೀಡು, ಆದ್ರೆ ತಪ್ಪಿ ಕಾಲಿಗೆ ಬಡೀತು ಅಂದ್ರೆ ಬರೆ ಎದ್ದುಬಿಡುತ್ತೆ, ಹೊಸಬರಿಗೆ ದಪ್ಪ ಪಿವಿಸಿ ಹಗ್ಗನೇ ಒಳ್ಳೇದು. ನಮ್ಮಕ್ಕನಿಗೆ ಒಂದು ಕೊಟ್ಟಿದ್ದೆ. ಎರಡು ದಿನ ಆದ್ಮೇಲೆ ಫೋನ್ ಮಾಡಿ "ಇದು ನಂಗಾಗಲ್ಲ ಕಣೋ, ಹತ್ತು ಹಾರೋದ್ರೊಳಗೆ ಕಾಲಿಗೆ ಸಿಕ್ಕಾಕ್ಕೊಳ್ಳುತ್ತೆ" ಅಂದ್ಲು. ಹೋಗಿ ನೋಡಿದ್ರೆ ಅಳತೇನೇ ಸರಿ ಇರ್ಲಿಲ್ಲ. ಹಗ್ಗದ ನಡುವೆ ಒಂದು ಪಾದ ಇಟ್ಟು ನಿಂತು ಎರಡೂ ಹಿಡಿ ಮೇಲಕ್ಕೆ ಎಳೆದ್ರೆ ಹಿಡಿ ತುದಿ ಕಂಕುಳ ಹತ್ರ ಬರ್ಬೇಕು, ಅವಳದ್ದು ಭುಜ ದಾಟಿ ಹೋಗಿತ್ತು. ಹಿಡಿಯ ಮುಚ್ಚಳ ಬಿಚ್ಚಿ, ಒಳಗಿನ ಪುಟ್ಟ ಕ್ಲಿಪ್ ಸಡಿಲ ಮಾಡಿ, ಎರಡೂ ಕಡೆ ಸ್ವಲ್ಪ ಸ್ವಲ್ಪ ಹಗ್ಗ ಒಳಗೆಳೆದು ಮತ್ತೆ ಬಿಗಿ ಮಾಡಿಕೊಟ್ಟೆ. ಅವತ್ತೇ ಸಂಜೆ ಐವತ್ತು ದಾಟಿಸಿದ್ಲು, ಮುಖ ನೋಡ್ಬೇಕಿತ್ತು ನೀವು! ಒಂದ್ ಎಚ್ಚರ, ಉಳಿದ ಹಗ್ಗನ ಮೊದಲ ದಿನಾನೇ ಕತ್ತರಿಸ್ಬೇಡಿ, ಒಂದು ವಾರ ಆಡಿ ಅಳತೆ ಸರಿ ಅನ್ಸಿದ್ಮೇಲೆ ಕತ್ತರಿಸಿ.

ರೆಸಿಸ್ಟೆನ್ಸ್ ಬ್ಯಾಂಡ್, ಅಂದ್ರೆ ಎಳೆದು ವ್ಯಾಯಾಮ ಮಾಡೋ ರಬ್ಬರ್ ಪಟ್ಟಿ, ಅದೂ ಒಳ್ಳೆ ಗಿಫ್ಟೇ, ಆದ್ರೆ ಇದ್ರಲ್ಲಿ ನಂಗೆ ಪೆಟ್ಟು ಬಿದ್ದಿದೆ. ನಂಗೆ ಬಂದಿದ್ದ ಸೆಟ್ಟನ್ನ ಕಿಟಕಿ ಪಕ್ಕ ಮೊಳೆಗೆ ನೇತುಹಾಕಿದ್ದೆ, ದಿನಾ ಬಿಸಿಲು ಬೀಳೋ ಜಾಗ. ಕೆಲವು ತಿಂಗಳಾದ್ಮೇಲೆ ಒಂದಿನ ಬಾಗಿಲಿಗೆ ಸಿಕ್ಕಿಸಿ ಜೋರಾಗಿ ಎಳೆದಾಗ ಪಟ್ ಅಂತ ಕಿತ್ತು ಬಂದು ಮುಂಗೈಗೆ ಬಾರಿಸ್ತು, ಕೆಂಪಗೆ ಪಟ್ಟೆ ಎದ್ದಿತ್ತು, ಸ್ವಲ್ಪ ಮೇಲಾಗಿದ್ರೆ ಕಣ್ಣು. ಆಮೇಲೆ ತುಂಡನ್ನ ಎಳೆದು ನೋಡಿದ್ರೆ ಮೈತುಂಬಾ ಕೂದಲೆಳೆಯಷ್ಟು ಸಣ್ಣ ಬಿರುಕು. ಲೇಟೆಕ್ಸ್ ರಬ್ಬರಿಗೆ ಬಿಸಿಲು ಆಗಲ್ಲ, ಆ ಮಾತು ಡಬ್ಬದ ಮೇಲೆ ಎಲ್ಲೂ ಇರ್ಲಿಲ್ಲ. ಇದ್ದಿದ್ರೆ ನಾನು ಅಲ್ಲಿ ಹಾಕ್ತಿರ್ಲಿಲ್ಲ. ಈಗ ಪ್ರತಿ ಸಲ ಬೆಳಕಿಗೆ ಹಿಡಿದು ಎಳೆದು ನೋಡೇ ಬಳಸ್ತೀನಿ, ಗಿಫ್ಟ್ ಕೊಡುವಾಗ ಜೊತೇಲಿ ಒಂದು ಬಟ್ಟೆ ಚೀಲಾನೂ ಇಟ್ಟು ಕೊಡ್ತೀನಿ. ಇನ್ನೊಂದು, ಬಣ್ಣ ನೋಡಿ ಬಿಗಿ ಅಂದಾಜು ಮಾಡ್ಬೇಡಿ, ಒಂದು ಕಂಪನಿಯ ಹಸಿರು ಇನ್ನೊಂದರ ಹಸಿರಿಗೆ ಸಮ ಇರಲ್ಲ, ಮೇಲೆ ಬರೆದಿರೋ ಕೆಜಿ ಓದಿ. ಕೆಲವರಿಗೆ ಲೇಟೆಕ್ಸ್ ಅಲರ್ಜಿ ಇರುತ್ತೆ, ಅಂಥವ್ರಿಗೆ ಬಟ್ಟೆ ಹೊದಿಸಿದ ಬ್ಯಾಂಡ್ ಕೂಡ ಕೇಳದೆ ಕೊಡ್ಬೇಡಿ, ಒಳಗೆ ಲೇಟೆಕ್ಸೇ ಇರಬಹುದು.

ಫಿಟ್ನೆಸ್ ವಾಚು ಎಲ್ಲರ ಕೈಯಲ್ಲೂ ಇದೆ, ಹಾಗಾಗಿ ಮತ್ತೊಂದು ವಾಚು ಬೇಡ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅಂತ ಅದು ಹೇಳುತ್ತಲ್ಲ, ಆ ಲೆಕ್ಕ ಹಬ್ಬಿದ್ದು 1965ರಲ್ಲಿ ಜಪಾನಲ್ಲಿ ಬಂದ 'ಮಾನ್ಪೋ ಕೇ' ಅನ್ನೋ ಹೆಜ್ಜೆ ಎಣಿಸೋ ಯಂತ್ರದಿಂದ, ಆ ಹೆಸರಿನ ಅರ್ಥಾನೇ ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ. ಅದಿರ್ಲಿ. ಸೀರಿಯಸ್ಸಾಗಿ ಟ್ರೇನಿಂಗ್ ಮಾಡೋರಿಗೆ ಎದೆಗೆ ಕಟ್ಟೋ ಹಾರ್ಟ್ ರೇಟ್ ಸ್ಟ್ರಾಪ್ ಕೊಟ್ಟು ನೋಡಿ, ಖುಷಿಯಾಗಿ ಬಿಡ್ತಾರೆ. ವಾಚು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ರಕ್ತದ ಹರಿವು ನೋಡಿ ಬಡಿತ ಎಣಿಸುತ್ತೆ, ಡಂಬೆಲ್ ಬಿಗಿಯಾಗಿ ಹಿಡಿದು ಮಣಿಕಟ್ಟು ಮಡಚಿದಾಗ, ಇಲ್ಲಾ ಸಡನ್ನಾಗಿ ಸ್ಪ್ರಿಂಟ್ ಹೊಡೆದಾಗ ಅದರ ಲೆಕ್ಕ ಹಿಂದೆ ಬೀಳುತ್ತೆ. ಸ್ಟ್ರಾಪ್ ಹೃದಯದ ವಿದ್ಯುತ್ ಸಂಕೇತನೇ ಹಿಡಿಯೋದ್ರಿಂದ ಆ ತಾಪತ್ರಯ ಕಡಿಮೆ. ನಾನು ಬಳಸೋದು ಪೋಲಾರ್ ಎಚ್10. 1977ರಲ್ಲಿ ಫಿನ್‌ಲೆಂಡಲ್ಲಿ ಶುರುವಾದ ಕಂಪನಿ, ವೈರ್ ಇಲ್ಲದ ಹಾರ್ಟ್ ರೇಟ್ ಮಾನಿಟರ್ ಮಾರುಕಟ್ಟೆಗೆ ಮೊದಲು ತಂದಿದ್ದೂ ಇವ್ರೇ. ಸಿಆರ್2025 ಬಟನ್ ಸೆಲ್ ಹಾಕಿದ್ರೆ ಆಯ್ತು, ಚಾರ್ಜಿಂಗ್ ತಲೆನೋವಿಲ್ಲ, ಬ್ಲೂಟೂತಲ್ಲಿ ಫೋನಿಗೂ ವಾಚಿಗೂ ಕನೆಕ್ಟ್ ಆಗುತ್ತೆ. ಯಾವ ಸ್ಟ್ರಾಪೇ ಆಗ್ಲಿ, ಕಟ್ಟೋ ಮುಂಚೆ ಒಳಗಡೆ ಪಟ್ಟಿನ ನೀರಲ್ಲಿ ಒದ್ದೆ ಮಾಡ್ಕೊಬೇಕು, ಒಣಗಿದ್ದಾಗ ರೀಡಿಂಗ್ ಹುಚ್ಚುಚ್ಚಾಗಿ ಬರುತ್ತೆ. ಮುಗಿದ್ಮೇಲೆ ಸೆನ್ಸರ್ ಬಿಚ್ಚಿಟ್ಟು ಸ್ಟ್ರಾಪನ್ನ ತೊಳೆದು ನೆರಳಲ್ಲಿ ಒಣಗಿಸಿ. ಬರೀ ವಾಕಿಂಗ್ ಹೋಗೋರಿಗೆ ಇದು ಬೇಡ, ದುಡ್ಡು ದಂಡ.

ಫೋಮ್ ರೋಲರ್, ಅಂದ್ರೆ ಮೈ ಕೆಳಗೆ ಇಟ್ಟು ಉರುಳಿಸಿ ಸ್ನಾಯು ಸಡಿಲ ಮಾಡ್ಕೊಳ್ಳೋ ಉರುಳೆ, ಅದರ ವಿಷಯಕ್ಕೆ ಬಂದ್ರೆ, ಉಬ್ಬು ತಗ್ಗು ಜಾಸ್ತಿ ಇರೋ ಗಟ್ಟಿ ರೋಲರ್ ನೋಡೋಕೆ ಚೆಂದ, ಹೊಸಬರಿಗೆ ನೋವು. ಮೆತ್ತಂದು, ಸಾದಾದು ಕೊಡಿ. ಬೆನ್ನಿಗೆ ಉದ್ದಕ್ಕೆ ಇಟ್ಕೊಂಡು ಮಲಗ್ಬೇಕು ಅಂದ್ರೆ 90 ಸೆಂಟಿಮೀಟರಿನದ್ದು ಬೇಕು, ತೊಡೆ ಮೀನಖಂಡಕ್ಕೆ ಮಾತ್ರ ಅಂದ್ರೆ ಅದರ ಅರ್ಧ ಸಾಕು. ಮಸಾಜ್ ಗನ್ ನಂಗೆ ಅಷ್ಟೇನೂ ಹಿಡಿಸ್ಲಿಲ್ಲ, ಸದ್ದು, ಭಾರ, ಚಾರ್ಜಿಂಗು ಬೇರೆ.

ಕೆಟಲ್‌ಬೆಲ್ (ಮೇಲೆ ಹಿಡಿ ಇರೋ ಗುಂಡಿನಂಥ ತೂಕ) ಮಾಡೋರಿದ್ರೆ ಕಾಂಪಿಟಿಷನ್ ಕೆಟಲ್‌ಬೆಲ್ ನೋಡಿ, ಎಷ್ಟೇ ತೂಕ ಇದ್ರೂ ಗಾತ್ರ ಒಂದೇ, 16 ಕೆಜಿ ಹಳದಿ, 24 ಕೆಜಿ ಹಸಿರು. ತೂಕ ಏರಿಸಿದ್ರೂ ಮುಂಗೈ ಮೇಲೆ ಅದೇ ಜಾಗದಲ್ಲಿ ಕೂರುತ್ತೆ. ಆದ್ರೆ ಈಗ ಎಷ್ಟು ಎತ್ತುತ್ತಿದ್ದಾರೆ ಅಂತ ತಿಳ್ಕೊಳ್ದೆ ತರ್ಬೇಡಿ.

ಶೂ ಮಾತ್ರ ಸರ್‌ಪ್ರೈಸ್ ಕೊಡ್ಲೇಬೇಡಿ, ದಯವಿಟ್ಟು. ಅದೇ ಮಾಡೆಲ್ಲಿನ ಹೊಸ ವರ್ಷನ್ನೇ ಕಾಲಿಗೆ ಬೇರೆ ಥರ ಕೂರುತ್ತೆ. ಓಡೋರು ಸುಮಾರು 500ರಿಂದ 800 ಕಿಲೋಮೀಟರಿಗೆ ಒಂದು ಜೊತೆ ಸವೆಸ್ತಾರೆ, ಅವ್ರನ್ನೇ ಜೊತೇಲಿ ಕರ್ಕೊಂಡು ಹೋಗಿ, ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ, ಓಡುವಾಗಲೂ ಹಾಗೇ ಊದೋದು. ಸರ್‌ಪ್ರೈಸೇ ಬೇಕು ಅಂದ್ರೆ ಒಳ್ಳೆ ಸಾಕ್ಸ್ ಕೊಡಿ, ಮೆರಿನೋ ಉಣ್ಣೆದು ಇಲ್ಲಾ ಸಿಂಥೆಟಿಕ್ಕು. ಕಾಟನ್ ಬೆವರು ಹಿಡಿದಿಟ್ಕೊಂಡು ಗುಳ್ಳೆ ಎಬ್ಬಿಸುತ್ತೆ.

ತೂಕ ನೋಡೋ ಮಷೀನ್ ಕೊಡ್ಬೇಡಿ, ಎಷ್ಟೇ ಸ್ಮಾರ್ಟ್ ಆಗಿದ್ರೂ. ನಂಗೆ ತುಂಬಾ ಹತ್ತಿರದೋರೊಬ್ರು ಗಿಫ್ಟ್ ಬಿಚ್ಚಿ ಅದನ್ನ ನೋಡಿ ಸುಮ್ನೆ ಪಕ್ಕಕ್ಕಿಟ್ಟಿದ್ದು ಇವತ್ತಿಗೂ ಕಣ್ಣಮುಂದಿದೆ. ದಿನಾ ಐದಕ್ಕೆದ್ದು ಓಡ್ತಿದ್ದ ಮನುಷ್ಯ.

ಹಾಗೆ ಕತ್ತಲಲ್ಲಿ ಎದ್ದು ಹೋಗೋರಿಗೆ ಹೆಡ್‌ಲ್ಯಾಂಪ್ ಕೊಡಿ. ಹಗುರ ಇರ್ಲಿ, ಹಿಂದುಗಡೆ ಕೆಂಪು ಲೈಟ್ ಇದ್ರೆ ಹಿಂದಿಂದ ಬರೋ ಗಾಡಿಯವ್ರಿಗೂ ಕಾಣುತ್ತೆ, ಐಪಿಎಕ್ಸ್4 ಅಂತ ಬರೆದಿದ್ರೆ ಬೆವರು, ತುಂತುರು ತಡ್ಕೊಳ್ಳುತ್ತೆ. ಪ್ಯಾಕ್ ಮಾಡೋ ಮುಂಚೆ ಫುಲ್ ಚಾರ್ಜ್ ಮಾಡಿಡಿ, ಬಿಚ್ಚಿದ ಮಾರನೇ ಬೆಳಗ್ಗೆನೇ ಹಾಕ್ಕೊಂಡು ಹೊರಡ್ಬಹುದು.