ಸೂರ್ಯೋದಯ, ಸೂರ್ಯಾಸ್ತ ನೋಡೋಕೆ ಟೈಮ್ ಆಂಡ್ ಡೇಟ್: ಖಂಡಿತ ಬಳಸಿ ನೋಡಿ

ಹವಾಮಾನದ ಆಪ್‌ಗಳು ಸೂರ್ಯ ಹುಟ್ಟುವ ಹೊತ್ತು, ಮುಳುಗುವ ಹೊತ್ತು ಅಂತ ಎರಡು ಅಂಕಿ ತೋರಿಸಿ ಸುಮ್ಮನಾಗುತ್ತವೆ. ಟೈಮ್ ಆಂಡ್ ಡೇಟ್ ಡಾಟ್ ಕಾಮ್ ಹಾಗಲ್ಲ. ಊರಿನ ಹೆಸರು ಹಾಕಿದರೆ ಇಡೀ ತಿಂಗಳ ಪಟ್ಟಿ ಬರುತ್ತದೆ. ಹಗಲು ಎಷ್ಟು ಉದ್ದ, ನಿನ್ನೆಗಿಂತ ಎಷ್ಟು ಜಾಸ್ತಿ ಅಥವಾ ಕಡಿಮೆ, ಮುಂಜಾವಿನ ಬೆಳಕು ಯಾವಾಗ ಶುರು, ಸೂರ್ಯ ಅತಿ ಎತ್ತರಕ್ಕೆ ಬರುವುದು ಯಾವಾಗ, ಎಲ್ಲವೂ ಒಂದೇ ಸಾಲಿನಲ್ಲಿ.

ನನಗೆ ಮೊದಲು ಹಿಡಿಸಿದ್ದು ದಿನದಿಂದ ದಿನಕ್ಕೆ ಆಗುವ ವ್ಯತ್ಯಾಸದ ಕಾಲಂ. ನಾರ್ವೆಯ ಓಸ್ಲೋ ಹಾಕಿ ಮಾರ್ಚ್ ತೆಗೆಯಿರಿ: ಹಗಲು ದಿನಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಬೆಳೆಯುತ್ತಾ ಹೋಗುತ್ತದೆ. ಜೂನ್ 21ರ ಹತ್ತಿರ ಬಂದರೆ ಬರೀ ಸೆಕೆಂಡ್‌ಗಳ ಲೆಕ್ಕ. ಅಲ್ಲಿ ಜೂನ್‌ನ ಹಗಲು 18 ಗಂಟೆ ದಾಟುತ್ತದೆ, ಡಿಸೆಂಬರ್‌ನಲ್ಲಿ 6 ಗಂಟೆಯೂ ಇರುವುದಿಲ್ಲ. ಭೂಮಿ 23.4 ಡಿಗ್ರಿ ವಾಲಿರುವುದರ ಪರಿಣಾಮ ಇದು ಅಂತ ಎಲ್ಲರೂ ಓದಿರುತ್ತೇವೆ, ಆದರೆ ಹೀಗೆ ದಿನದಿನದ ಅಂಕಿಯಲ್ಲಿ ನೋಡಿದಾಗ ಮನಸ್ಸಿಗೆ ನಾಟುವುದೇ ಬೇರೆ.

ಆದರೆ ನಿಜವಾದ ಬಂಗಾರ ಸೋಲಾರ್ ನೂನ್ ಕಾಲಂ, ಅಂದರೆ ಸೂರ್ಯ ಅತಿ ಎತ್ತರಕ್ಕೆ ಬರುವ ನಿಜವಾದ ಮಧ್ಯಾಹ್ನದ ಹೊತ್ತು. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ ಅನ್ಸುತ್ತೆ. ಡಿಸೆಂಬರ್ 21 ಅತಿ ಚಿಕ್ಕ ಹಗಲು, ಹಾಗಾದರೆ ಸೂರ್ಯ ಅತಿ ತಡವಾಗಿ ಹುಟ್ಟುವುದೂ ಅತಿ ಬೇಗ ಮುಳುಗುವುದೂ ಅವತ್ತೇ ಇರಬೇಕು ಅಲ್ವಾ? ಇಲ್ಲ. ಲಂಡನ್‌ನ ಪಟ್ಟಿ ನೋಡಿ: ಅತಿ ಬೇಗ ಮುಳುಗುವುದು ಡಿಸೆಂಬರ್ 12ರ ಸುಮಾರಿಗೆ, ಅತಿ ತಡವಾಗಿ ಹುಟ್ಟುವುದು ಹೊಸ ವರ್ಷದ ಹೊತ್ತಿಗೆ. ಭೂಮಿಯ ವಾಲು, ಜೊತೆಗೆ ಜನವರಿ ಶುರುವಿನಲ್ಲಿ ಅದು ಸೂರ್ಯನಿಗೆ ಹತ್ತಿರವಿದ್ದು ವೇಗವಾಗಿ ಸುತ್ತುವುದು, ಇವೆರಡೂ ಸೇರಿ ಆಗ ಒಂದು ಮಧ್ಯಾಹ್ನದಿಂದ ಇನ್ನೊಂದಕ್ಕೆ 24 ಗಂಟೆಗಿಂತ ಸುಮಾರು 30 ಸೆಕೆಂಡ್ ಜಾಸ್ತಿ ಹಿಡಿಯುತ್ತದೆ. ಕಾಲಂನಲ್ಲಿ ಮಧ್ಯಾಹ್ನ ಎರಡು ದಿನಕ್ಕೊಂದು ನಿಮಿಷ ತಡವಾಗುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಅದರ ಜೊತೆ ಸೂರ್ಯೋದಯ, ಸೂರ್ಯಾಸ್ತ ಎರಡೂ ಮುಂದಕ್ಕೆ ಸರಿಯುತ್ತವೆ.

ಸಿಂಗಪುರದಲ್ಲಿ ಇದು ಇನ್ನೂ ಸ್ಪಷ್ಟ. ಸಮಭಾಜಕದ ಪಕ್ಕದಲ್ಲೇ ಇರುವುದರಿಂದ ವರ್ಷವಿಡೀ ಹಗಲಿನ ಉದ್ದ ಹೆಚ್ಚೆಂದರೆ ಸುಮಾರು 9 ನಿಮಿಷ ಬದಲಾಗುತ್ತದೆ. ಸೂರ್ಯೋದಯ ಮಾತ್ರ ನವೆಂಬರ್‌ನಿಂದ ಫೆಬ್ರವರಿಗೆ ಹೆಚ್ಚುಕಡಿಮೆ ಅರ್ಧ ಗಂಟೆ ತಡವಾಗುತ್ತದೆ. ಲಂಡನ್, ಸಿಂಗಪುರ ಎರಡರ ಪಟ್ಟಿಯನ್ನೂ ಅಕ್ಕಪಕ್ಕದ ಟ್ಯಾಬ್‌ನಲ್ಲಿ ತೆರೆದು ನೋಡಿ, ಮಕ್ಕಳಿಗೂ ತೋರಿಸಿ.

ಕೊರತೆಗಳೂ ಇವೆ. ಜಾಹೀರಾತುಗಳು ಬರುತ್ತವೆ. ಪಟ್ಟಿ ಅಗಲವಾದ್ದರಿಂದ ಫೋನ್‌ಗಿಂತ ಕಂಪ್ಯೂಟರ್‌ನಲ್ಲಿ ನೋಡುವುದೇ ವಾಸಿ. ಸಮಯಗಳೆಲ್ಲ ಸಪಾಟಾದ ದಿಗಂತದ ಲೆಕ್ಕದವು. ನಿಮ್ಮ ಪೂರ್ವಕ್ಕೆ ಗುಡ್ಡವೋ ಎತ್ತರದ ಕಟ್ಟಡವೋ ಇದ್ದರೆ ಪಟ್ಟಿಯ ಹೊತ್ತಿಗೆ ಸೂರ್ಯ ಕಾಣುವುದಿಲ್ಲ, ಅದಕ್ಕೆ ಪಟ್ಟಿಯನ್ನು ಬೈಯಬೇಡಿ. ಇನ್ನು ಮಾರ್ಚ್ 20ಕ್ಕೆ ಹಗಲು ಸರಿಯಾಗಿ 12 ಗಂಟೆ ಇರದೆ ಕೆಲವು ನಿಮಿಷ ಜಾಸ್ತಿ ಇರುತ್ತದಲ್ಲ, ಅದೂ ತಪ್ಪಲ್ಲ. ಸೂರ್ಯನ ಮೇಲಂಚು ಕಂಡರೆ ಸಾಕು, ಹುಟ್ಟಿದ ಅಂತಲೇ ಲೆಕ್ಕ. ಗಾಳಿ ಬೆಳಕನ್ನು ಬಗ್ಗಿಸುವುದರಿಂದ ಅವನು ಇನ್ನೂ ಕೆಳಗಿರುವಾಗಲೇ ಕಾಣುತ್ತಾನೆ.

ನಕ್ಷತ್ರ ನೋಡುವ ಹವ್ಯಾಸ ಇರುವವರು ಸೂರ್ಯಾಸ್ತ ಬಿಟ್ಟು, ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿಯುವ ಸಮಯದ ಕಾಲಂ ನೋಡಿ. ಪೂರ್ತಿ ಕತ್ತಲಾಗುವುದು ಆಗಲೇ. ಜೂನ್‌ನ ಓಸ್ಲೋದಲ್ಲಿ ಅಷ್ಟು ಕತ್ತಲು ಆಗುವುದೇ ಇಲ್ಲ.