ಸ್ಟ್ರೀಮ್ ಟೇಬಲ್ ಕಿಟ್: ವೇದಾವತಿಗೆ ಸರಿ, ಕೋಟೆಯ ಬಂಡೆಗೆ ಅಲ್ಲ

ದಾವಣಗೆರೆ, ಚಿತ್ರದುರ್ಗದ ಅಂಗಡಿಯವರು ಹೈಸ್ಕೂಲುಗಳಿಗೆ ತರಿಸಿಕೊಡುವ, ಮರಳಿನ ಮೇಲೆ ನೀರು ಹರಿಸಿ ನದಿಯ ಕೆಲಸ ತೋರಿಸುವ ಈ ಕಿಟ್‌ನಲ್ಲಿ ಬರುವುದಿಷ್ಟು: ಒಂದು ಮೀಟರ್ ಉದ್ದ, 40 ಸೆಂ.ಮೀ. ಅಗಲದ ಪ್ಲಾಸ್ಟಿಕ್ ತಟ್ಟೆ, ಅಕ್ವೇರಿಯಂ ಪಂಪು, ಪೈಪು, ಐದು ಕೆ.ಜಿ. ಮರಳು, ಒಂದು ಕನ್ನಡ ಕೈಪಿಡಿ. ತಟ್ಟೆ ಗಟ್ಟಿಯಾಗಿದೆ, ಪಂಪು ಚೆನ್ನಾಗಿದೆ. ಕೈಪಿಡಿಯನ್ನು ಅರ್ಧ ನಂಬಬಹುದು.

ಮೊದಲ ತೊಂದರೆ ಮರಳು. ತಟ್ಟೆಯ ಮೂರನೇ ಎರಡು ಭಾಗಕ್ಕೆ ಐದು ಕೆ.ಜಿ. ಹರಡಿದರೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ದಪ್ಪ ಬರುತ್ತದೆ ಅಷ್ಟೆ. ನೀರು ಬಿಟ್ಟ ಕೆಲವೇ ನಿಮಿಷಕ್ಕೆ ತಳದ ಪ್ಲಾಸ್ಟಿಕ್ ಕಾಣುತ್ತದೆ. ಐದು ಸೆಂ.ಮೀ. ದಪ್ಪ ಬೇಕು, ಅಂದರೆ ಸುಮಾರು 20 ಕೆ.ಜಿ. ಮರಳು. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಆದೀತು. ಆದರೆ ಅದರಲ್ಲಿನ ಪುಡಿ ಪಂಪನ್ನು ಕಟ್ಟಿಹಾಕುತ್ತದೆ, ಹಾಗಾಗಿ ನೀರು ತಿಳಿಯಾಗುವವರೆಗೆ ಬಕೆಟ್ಟಿನಲ್ಲಿ ತೊಳೆಯಬೇಕು. ಕಾಳಿನ ಗಾತ್ರ ಅರ್ಧದಿಂದ ಎರಡು ಮಿ.ಮೀ. ಇದ್ದರೆ ಸಾಕು. ಸುಲಭಕ್ಕೆ ಸಿಗುತ್ತದೆಂದು ಎರೆಮಣ್ಣು ಹಾಕಬೇಡಿ. ಅದು ಉಬ್ಬಿ ಅಂಟಾಗುತ್ತದೆ, ನೀರು ಕದಡಿ ಏನೂ ಕಾಣುವುದಿಲ್ಲ.

ಎರಡನೆಯದು, ನೀರು ತಗ್ಗಿಸುವ ಕಾಕ್ ಕೊಟ್ಟಿಲ್ಲ. ಪಂಪಿನ ಪೂರ್ತಿ ರಭಸಕ್ಕೆ ಮೇಲ್ತುದಿಯಲ್ಲಿ ಗುಂಡಿ ಬಿದ್ದು, ಅಲ್ಲಿಂದ ನೇರ ಒಂದು ಕೊರಕಲು ಆಗಿಬಿಡುತ್ತದೆ. ಡ್ರಿಪ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಸಣ್ಣ ಕಾಕ್ ಹಾಕಿ, 40 ಸೆಕೆಂಡಿಗೆ ಒಂದು ಲೀಟರ್ ಬರುವಂತೆ ತಿರುಗಿಸಿ. ನೀರು ಬೀಳುವ ಜಾಗದಲ್ಲಿ ಸ್ಪಾಂಜ್ ಇಡಿ. ಮೇಲ್ತುದಿ ಮೂರು–ನಾಲ್ಕು ಸೆಂ.ಮೀ. ಎತ್ತರ ಇದ್ದರೆ ಸಾಕು. ಮರಳನ್ನು ಮೊದಲೇ ಪೂರ್ತಿ ನೆನೆಸಿರಬೇಕು, ಇಲ್ಲವಾದರೆ ನೀರು ಹರಿಯದೆ ಇಂಗಿಹೋಗುತ್ತದೆ.

ಹಾವಿನಂತೆ ಬಳುಕುವ ನದಿ ತಾನಾಗಿ ಮೂಡುತ್ತದೆ ಎಂದು ಕೈಪಿಡಿ ಹೇಳುತ್ತದೆ. ಬರೀ ಮರಳಿನಲ್ಲಿ ಅದು ಮೂಡುವುದು ಕಷ್ಟ: ದಡ ಕುಸಿಯುತ್ತ ಹರಿವು ನಾಲ್ಕಾರು ಕವಲಾಗುತ್ತದೆ. ದಡಕ್ಕೆ ಹಿಡಿತ ಬೇಕು. ಮರಳಿನ ಮೇಲೆ ಸಾಸಿವೆ ದಟ್ಟವಾಗಿ ಬಿತ್ತಿ ಒಂದು ವಾರ ಬೇರು ಬಿಡಿಸಿದರೆ ತಿರುವು ನಿಲ್ಲುವ ಸಾಧ್ಯತೆ ಹೆಚ್ಚು. ಆಮೇಲೂ ಗಂಟೆಗಟ್ಟಲೆ ಕಾಯಬೇಕು.

ಕಿಟ್ ಗೆಲ್ಲುವುದು ಕೆಳತುದಿಯಲ್ಲಿ. ಹೊರಹರಿವಿನ ರಂಧ್ರಕ್ಕೆ ಅಡ್ಡ ಕಟ್ಟಿ ನೀರು ನಿಲ್ಲಿಸಿ: ಹೂಳು ಕಟ್ಟೆಯ ಹತ್ತಿರ ಬರದೆ, ಹರಿವು ನಿಂತ ನೀರನ್ನು ಸೇರುವಲ್ಲೇ ಬೀಸಣಿಗೆಯಾಗಿ ಕೂರುತ್ತದೆ. 1907ರಲ್ಲಿ ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದಂಥ ಜಲಾಶಯದಲ್ಲೂ ಒರಟು ಹೂಳು ಮೊದಲು ಬೀಳುವುದು ಹಿನ್ನೀರಿನ ತಲೆಯಲ್ಲೇ. ಈಗ ಅಡ್ಡವನ್ನು ಒಂದು ಸೆಂ.ಮೀ. ತಗ್ಗಿಸಿ. ಕೆಳಗೆ ಹುಟ್ಟಿದ ಪುಟ್ಟ ಜಲಪಾತ ಮೇಲಕ್ಕೆ ಹಿಂದೆ ಸರಿಯುತ್ತ ಹೋಗುತ್ತದೆ. ಇದೊಂದಕ್ಕೇ ಕಿಟ್ ಕೊಳ್ಳಬಹುದು.

ಮುಜುಗರ ತರುವುದು 'ಬಂಡೆಗಳು ಗುಂಡಗಾದ ಬಗೆ' ಎಂಬ ಪುಟ. ಉರುಟು ಕಲ್ಲನ್ನೆಲ್ಲ ಅದು ನದಿಯ ಲೆಕ್ಕಕ್ಕೆ ಬರೆದಿದೆ. ನಮ್ಮ ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಬಂಡೆಗಳು ಎಲ್ಲಿಂದಲೂ ಉರುಳಿ ಬಂದವಲ್ಲ. ನೆಲದಡಿ ಇದ್ದಾಗಲೇ ಗ್ರಾನೈಟಿನ ಸೀಳುಗಳಲ್ಲಿ ನೀರಿಳಿದು ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಮಣ್ಣಾಯಿತು. ಸೀಳುಗಳ ನಡುವಿನ ಕಲ್ಲಿನ ಸಮತಟ್ಟು ಮುಖಕ್ಕೆ ಒಂದೇ ಕಡೆಯಿಂದ ನೀರಿನ ಪೆಟ್ಟು, ಮೂಲೆಗೆ ಮೂರು ಕಡೆಯಿಂದ. ಹಾಗಾಗಿ ಮೂಲೆ ಮೊದಲು ಕರಗಿ, ಒಳಗಿನ ಗಟ್ಟಿ ತಿರುಳು ಗುಂಡಗೆ ಉಳಿಯಿತು. ಸುತ್ತಲಿನ ಗರಸು ಮಳೆಗೆ ಕೊಚ್ಚಿಹೋದ ಮೇಲೆ ಒಂದರ ಮೇಲೊಂದು ಬಂಡೆ ಹೊರಬಿತ್ತು. ಪಂಪು ತೋರಿಸುವುದು ಆ ಕೊಚ್ಚಿಹೋಗುವ ಕೊನೆಯ ಹಂತವನ್ನು ಮಾತ್ರ. ಉಳಿದದ್ದಕ್ಕೆ ಮಕ್ಕಳನ್ನು ಕೋಟೆಗೇ ಕರೆದೊಯ್ದು, ಬಂಡೆಯ ಬುಡದಲ್ಲಿ ಉದುರಿದ ಗರಸನ್ನು ಮುಟ್ಟಿಸಿ.

ಜ್ವಾಲಾಮುಖಿ ಪುಟ ಅಡುಗೆ ಸೋಡಾ ಆಟ, ಬಿಟ್ಟರೂ ನಷ್ಟವಿಲ್ಲ. ಊರ ಹತ್ತಿರದ ಮರಡಿಹಳ್ಳಿಯಲ್ಲಿ ನೀರೊಳಗೆ ಹೆಪ್ಪುಗಟ್ಟಿದ ದಿಂಬಿನಾಕಾರದ ಲಾವಾ ಇದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಸುತ್ತಿಗೆ ಎತ್ತಬೇಡಿ.

ಕೊಳ್ಳುವವರು ಪಂಪಿನ ವಾರಂಟಿ ಚೀಟಿ ಓದಿಕೊಳ್ಳಿ: ಮರಳು ಹೊಕ್ಕು ಕೆಟ್ಟರೆ ಬದಲಿಸಿ ಕೊಡುವುದಿಲ್ಲ. ಹೊರಬಂದ ನೀರು ಒಂದು ಬಕೆಟ್ಟಿನಲ್ಲಿ ತಂಗಿ, ತುಂಬಿ ಚೆಲ್ಲಿದ್ದಷ್ಟೇ ಪಂಪಿರುವ ಎರಡನೇ ಬಕೆಟ್ಟಿಗೆ ಬೀಳಲಿ. ಪಂಪಿನ ಬಾಯಿಗೆ ಹಳೇ ಪಂಚೆ ಬಟ್ಟೆ ಕಟ್ಟಿ.